ಬೀಗದ ಕೈ ಗೊಂಚಲು

ಹಿಂದೆಲ್ಲ ಒಂದು ಮನೆಗೆ ಹೋದರೆ ಅಲ್ಲಿ ಯಜಮಾನಿಕೆ ಯಾರದೆಂದು ಕೇಳಬೇಕಾಗಿರಲಿಲ್ಲ. ಬೀಗದ ಕೈ ಗೊಂಚಲು ಯಾರ ಸೊಂಟದಲ್ಲಿದೆ ಎಂದು ನೋಡಿದರೆ ಸಾಕಿತ್ತು. ಉಗ್ರಾಣದ ಅಕ್ಕಿ ಬೆಲ್ಲ, ತುಪ್ಪದ ಭರಣಿ, ಒಡವೆಯ ಪೆಟ್ಟಿಗೆ ಎಲ್ಲಕ್ಕೂ ಆ ಗೊಂಚಲಿನದೇ ಅಪ್ಪಣೆ. ಅತ್ತೆ ಹಾಸಿಗೆ ಹಿಡಿದ ಮೇಲೆ ಅದು ಸೊಸೆಯ ಸೊಂಟಕ್ಕೆ ಬರುತ್ತಿತ್ತು. ಅಷ್ಟು ವರ್ಷ ಕಾದು ಪಡೆದದ್ದನ್ನು ನಮ್ಮ ಕಾಲದಲ್ಲಿ ನಾವು ಎಷ್ಟು ಸಲೀಸಾಗಿ ಬಿಟ್ಟುಕೊಟ್ಟೆವು ನೋಡಿ. ಮಕ್ಕಳ ಫೋಟೊ, ಮದುವೆಯ ವಿಡಿಯೊ, ಬ್ಯಾಂಕಿನ ಲೆಕ್ಕ, ಡಾಕ್ಟರ ಚೀಟಿ, ತವರಿನವರೊಂದಿಗೆ ಆಡಿದ ಮಾತು ಎಲ್ಲವೂ ಈಗ ಇರುವುದು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ. ಅದರ ಬೀಗದ ಕೈ ಎಲ್ಲಿದೆ? ಮಗನ ಹತ್ತಿರ, ಅಂಗಡಿಯವನ ಹತ್ತಿರ, ಕೇಬಲ್ ಹುಡುಗನ ಹತ್ತಿರ, ಅವರೆಲ್ಲರಿಗಿಂತ ಹೆಚ್ಚಾಗಿ ಸಮುದ್ರದಾಚೆಯ ಕಂಪನಿಗಳ ಹತ್ತಿರ.

ಈ ಮಾತು ತೆಗೆದರೆ ಸಾಕು, ವಿನೋಬನಗರದಲ್ಲಿ ನನ್ನ ಜೊತೆ ಸಂಜೆ ನಡೆಯಲು ಬರುವ ಗೆಳತಿಯರು ನಗುತ್ತಾರೆ. "ನಮ್ದೇನ್ ಗುಟ್ಟಿದೆ ಮೇಡಂ? ಹಬ್ಬದ ಅಡುಗೆ ಫೋಟೊ, ಮೊಮ್ಮಗನ ಫೋಟೊ. ನೋಡೋರು ನೋಡ್ಕೊಳ್ಲಿ ಬಿಡಿ" ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಸುಳ್ಳನ್ನು ಹೆಂಗಸರು ಹೇಳಿದ್ದು ನಾನು ಕೇಳಿಲ್ಲ. ಸಾಸಿವೆ ಡಬ್ಬಿಯಲ್ಲಿ ಗಂಡನಿಗೆ ತಿಳಿಯದಂತೆ ನೂರಿನ್ನೂರು ರೂಪಾಯಿ ಇಡದ ಹೆಂಗಸು ನಮ್ಮ ಸೀಮೆಯಲ್ಲಿ ಯಾರಿದ್ದಾಳೆ? ಅದೇನು ಕದ್ದ ದುಡ್ಡೇ? ಮಗಳಿಗೆ ಬಳೆ ಕೊಡಿಸಲಿಕ್ಕೆ, ತಮ್ಮ ಬಂದಾಗ ಬಸ್ಸಿನ ಖರ್ಚಿಗೆಂದು ಕೈಯಲ್ಲಿಡಲಿಕ್ಕೆ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ದುಡ್ಡು ಅದು. ಮರೆ ಬೇಕೆನ್ನುವವರು ಪಾಪ ಮಾಡಿದವರೇ ಎನ್ನುವುದಾದರೆ, ಬಚ್ಚಲುಮನೆಗೆ ಬಾಗಿಲೇಕೆ ಇಟ್ಟಿದ್ದೀರಿ ಎಂದು ಅವರನ್ನೇ ಕೇಳಬೇಕು.

ನಮ್ಮವರೇ ಆದ ಒಬ್ಬ ಹಿರಿಯರು ಇದಕ್ಕಾಗಿ ದೇಶದ ದೊಡ್ಡ ನ್ಯಾಯಾಲಯದ ಬಾಗಿಲು ಬಡಿದಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ತೀರ್ಪು ಬಂದದ್ದೇನೋ ಸರಿ. ಆದರೆ ಹಕ್ಕು ಕಾಗದದಲ್ಲಿದ್ದು ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿದ್ದರೆ ಏನು ಸುಖ?

ಬೀಗದ ಕೈ ನಮ್ಮ ಕೈಗೆ ಬರುವ ದಾರಿ ಒಂದಿದೆ, ಅದಕ್ಕೆ ಕಾಸೂ ಬೇಕಿಲ್ಲ. ಅದರ ಹೆಸರು ಲಿನಕ್ಸ್. ಹೆಸರು ಕೇಳಿದ ಕೂಡಲೇ "ಅದೆಲ್ಲ ಇಂಜಿನಿಯರ್ ಹುಡುಗರಿಗೆ" ಎಂದು ಪುಟ ಮಗುಚಬೇಡಿ. ಕಂಪ್ಯೂಟರ್ ನಡೆಯಬೇಕಾದರೆ ಅದರೊಳಗೆ ಯಜಮಾನಿಕೆ ಮಾಡುವ ಒಂದು ಮೂಲ ತಂತ್ರಾಂಶ ಇರಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ವಿಂಡೋಸ್ ಒಂದೇ. ಲಿನಕ್ಸ್ ಅದೇ ಕೆಲಸಕ್ಕೆ ಇನ್ನೊಂದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬಾತ, ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬ ಹಟ ಹಿಡಿದು ಕೆಲಸ ಸಾರಿದ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆದುಕೊಟ್ಟ. ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತರುತ್ತೇವಲ್ಲ, ಹಾಗೆ. ಕೊಟ್ಟವರ ಮೊಸರು ಕಡಿಮೆಯಾಗುವುದಿಲ್ಲ, ತಂದವರು ನಾಳೆ ಮೂರನೆಯವರಿಗೆ ಕೊಡುತ್ತಾರೆ. ಹೆಪ್ಪಿಗೆ ಬೆಲೆ ಕಟ್ಟಿದವರನ್ನು ನಮ್ಮ ಬೀದಿಯಲ್ಲಿ ಏನೆನ್ನುತ್ತಾರೋ ನಿಮಗೇ ಗೊತ್ತು.

ಲಿನಕ್ಸ್ ಒಂದೇ ಅಲ್ಲ, ನೂರಾರು ಬಗೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಅಕ್ಕಿ ಒಂದೇ, ಅದರಿಂದ ಕಡುಬು, ಅಕ್ಕಿರೊಟ್ಟಿ, ನೀರುದೋಸೆ, ಗಂಜಿ. ಜ್ವರ ಬಂದವರಿಗೆ ಗಂಜಿ, ನೆಂಟರು ಬಂದರೆ ಕಡುಬು. ದಿನದ ಕೆಲಸಕ್ಕೆ ಉಬುಂಟು, ಮಿಂಟ್ ಇವೆ. ಮರೆ ಬೇಕಾದವರಿಗೆ ಬೇರೆ, ಮನೆಯಲ್ಲೇ ಉಗ್ರಾಣ ಇಟ್ಟುಕೊಳ್ಳುವವರಿಗೆ ಬೇರೆ, ವೈಫೈ ಪೆಟ್ಟಿಗೆಗೆ ಬೇರೆ, ಬೀಗ ಗಟ್ಟಿಯಿದೆಯೇ ಎಂದು ಅಲ್ಲಾಡಿಸಿ ನೋಡುವವರಿಗೆ ಬೇರೆ. ಇವುಗಳಲ್ಲಿ ಬಹುಪಾಲು ಹುಟ್ಟಿದ್ದು ಡೆಬಿಯನ್ ಎಂಬ ಒಂದೇ ಹಿಟ್ಟಿನಿಂದ. ಅದನ್ನು 1993ರಲ್ಲಿ ಶುರು ಮಾಡಿದ ಇಯಾನ್ ಮರ್ಡಾಕ್ ತನ್ನ ಗೆಳತಿ ಡೆಬ್ರಾಳ ಹೆಸರನ್ನು ಮುಂದಿಟ್ಟು, ತನ್ನದನ್ನು ಹಿಂದೆ ಸೇರಿಸಿ ಡೆಬ್-ಇಯಾನ್ ಎಂದ. ಗಂಡಸರ ಈ ಲೋಕದಲ್ಲಿ ಹೆಸರಿಗಾದರೂ ಹೆಣ್ಣು ಮುಂದೆ ನಿಂತಿದ್ದಾಳೆ, ಅಷ್ಟಕ್ಕೆ ನನಗೆ ಖುಷಿ.

ಮರೆಯ ಮಾತಿಗೆ ಬರುತ್ತೇನೆ. ಅದಕ್ಕೆ ಕಾರಣವಿದೆ.

ನಾನು ಹಿಂದೆ ಇದ್ದ ಒಂದು ಶಾಲೆಗೆ ಗೌರವಧನದ ಮೇಲೆ ಬರುತ್ತಿದ್ದ ಅತಿಥಿ ಶಿಕ್ಷಕಿ ಒಬ್ಬಳಿದ್ದಳು. ಮೂವತ್ತು ದಾಟಿರದ ಹುಡುಗಿ. ಸೆಖೆಗಾಲದಲ್ಲೂ ಉದ್ದ ತೋಳಿನ ರವಿಕೆ ತೊಟ್ಟು ಬರುತ್ತಿದ್ದಳು. ಏಕೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವಳ ಮೊಬೈಲನ್ನು ದಿನವೂ ರಾತ್ರಿ ಗಂಡ ತೆಗೆದು ನೋಡುತ್ತಿದ್ದ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಅವಳು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಏನು ಹೇಳುತ್ತದೆ, ಗಂಡನ ಮನೆಯಲ್ಲೇ ಇರುವ ಹಕ್ಕು ತನಗಿದೆಯೇ ಎಂದು ಓದಿದಳು. ಓದಿ, ಕಿಟಕಿ ಮುಚ್ಚಿ ಕ್ಲಾಸಿಗೆ ಹೋದಳು. ಕಂಪ್ಯೂಟರಿಗೆ ಮರೆವೆಂಬುದಿಲ್ಲವಲ್ಲ. ಆಮೇಲೆ ಕೂತವರೊಬ್ಬರು ಹಿಂದೆ ಏನೇನು ತೆರೆದಿದ್ದರೆಂಬ ಪಟ್ಟಿಯನ್ನು ತೆಗೆದು ನೋಡಿದರು. ನೋಡಿ ಸುಮ್ಮನಿರಲಿಲ್ಲ. ಸಂಜೆಯ ಹೊತ್ತಿಗೆ ಮಾತು ಅವಳ ಬೀದಿ ಸೇರಿತ್ತು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಟೇಲ್ಸ್ ಎಂಬ ಲಿನಕ್ಸ್ ಇರುವುದು ಇಂಥವಳಿಗಾಗಿ. 2009ರಿಂದ ಇದೆ. ಎಂಟು ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಕಂಪ್ಯೂಟರ್ ಶುರುವಾಗುವಾಗಲೇ ಅದನ್ನು ಚುಚ್ಚಿದರೆ ಒಳಗಿನ ವಿಂಡೋಸ್ ಮಲಗಿಯೇ ಇರುತ್ತದೆ, ಪೆನ್‌ಡ್ರೈವಿನಲ್ಲಿರುವುದೇ ಕೆಲಸ ಮಾಡುತ್ತದೆ. ಮುಗಿಸಿ ತೆಗೆದುಕೊಂಡು ಹೋದರೆ ಆ ಯಂತ್ರದಲ್ಲಿ ನೀವು ಕೂತಿದ್ದಿರಿ ಎಂಬ ಗುರುತೇ ಉಳಿಯುವುದಿಲ್ಲ. ಅದರ ಪೂರ್ತಿ ಹೆಸರಿನಲ್ಲೇ ಮರೆಗುಳಿ ಎಂಬ ಅರ್ಥದ ಮಾತಿದೆ. ಇಂಟರ್ನೆಟ್ಟಿಗೆ ಹೋಗುವುದೂ ಟಾರ್ ಎಂಬ ಬಳಸುದಾರಿಯಿಂದ. ಮೂರು ಕಡೆ ಕೈ ಬದಲಾಗಿ ಹೋಗುವುದರಿಂದ ಹೊರಟವರು ಯಾರು, ಹೋದದ್ದು ಎಲ್ಲಿಗೆ ಎಂಬ ಎರಡೂ ಒಬ್ಬರಿಗೇ ತಿಳಿಯುವುದಿಲ್ಲ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕ ಸರ್ಕಾರದ ಕದ್ದು ಕೇಳುವ ಕೆಲಸವನ್ನು ಬಯಲು ಮಾಡಿದಾಗ ಆತನೂ, ಆ ಸುದ್ದಿಯನ್ನು ಹೊರತಂದ ಚಿತ್ರನಿರ್ಮಾಪಕಿ ಲಾರಾ ಪೊಯ್ಟ್ರಸ್ ಮುಂತಾದವರೂ ಬಳಸಿದ್ದು ಇದನ್ನೇ. ಅಂಥ ಜಗತ್ಪ್ರಸಿದ್ಧರ ಜೊತೆಗೆ, ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಳ್ಳುವವರನ್ನೂ ಟೇಲ್ಸ್ ಮಾಡಿದವರು ತಮ್ಮ ಬಳಕೆದಾರರಲ್ಲಿ ಸೇರಿಸಿಕೊಂಡಿದ್ದಾರೆ.

ಬ್ರೌಸರಿನಲ್ಲೇ ಖಾಸಗಿ ಕಿಟಕಿ ಇದೆಯಲ್ಲ ಎಂದು ತಿಳಿದವರು ಕೇಳಬಹುದು. ಅದು ಪಟ್ಟಿಯನ್ನಷ್ಟೇ ಅಳಿಸುತ್ತದೆ. ಯಂತ್ರದೊಳಗೆ ಯಾರಾದರೂ ಬೇಹುಗಾರ ತಂತ್ರಾಂಶ ಕೂರಿಸಿದ್ದರೆ ಅದರ ಕಣ್ಣು ಕಟ್ಟುವುದಿಲ್ಲ. ಟೇಲ್ಸಿಗೂ ಮಿತಿಯಿದೆ. ಮೊಬೈಲಿನಲ್ಲಿ ಅದು ನಡೆಯುವುದಿಲ್ಲ. ನಮ್ಮ ಹೆಸರಿನ ಖಾತೆಯನ್ನೇ ತೆರೆದು ಕೂತರೆ ನಾವೆಂದು ತಿಳಿಯುತ್ತದೆ. ಪೆನ್‌ಡ್ರೈವೇ ಗಂಡನ ಕೈಗೆ ಸಿಕ್ಕಿದರೆ ಇನ್ನೊಂದು ರಾದ್ಧಾಂತ. ಮತ್ತು ಹೊಡೆತ ಬೀಳುವಾಗ ಯಾವ ಪೆನ್‌ಡ್ರೈವೂ ಅಡ್ಡ ಬರುವುದಿಲ್ಲ. ಆಗ 181ಕ್ಕೋ 112ಕ್ಕೋ ಫೋನ್ ಮಾಡಬೇಕು. ಆದರೆ ಆ ಹುಡುಗಿಗೆ ಆ ಮಧ್ಯಾಹ್ನ ಬೇಕಾಗಿದ್ದದ್ದು ಅರ್ಧ ಗಂಟೆ ಯಾರೂ ನೋಡದಂತೆ ಓದಲು ಒಂದು ಜಾಗ. ಅಷ್ಟನ್ನು ಇದು ಕೊಡುತ್ತಿತ್ತು. "ಟಾರ್ ಅಂದ್ರೆ ಕಳ್ಳರು ಬಳಸೋದು" ಎಂದು ಒಬ್ಬ ಮಾಸ್ತರರು ನನಗೆ ಬುದ್ಧಿ ಹೇಳಿದರು. ಕಳ್ಳರು ಬಸ್ಸಿನಲ್ಲೂ ಓಡಾಡುತ್ತಾರೆ, ಹಾಗೆಂದು ನಾನು ಭದ್ರಾವತಿಗೆ ನಡೆದುಕೊಂಡು ಹೋಗಲೇ ಎಂದು ಕೇಳಿದೆ.

ಕಳ್ಳರ ಮಾತು ಬಂದದ್ದರಿಂದ ಕಾಲಿ ಲಿನಕ್ಸ್ ಬಗ್ಗೆ ಎರಡು ಮಾತು. 2013ರಲ್ಲಿ ಬಂದದ್ದು ಇದು. ಬೀಗ ಪರೀಕ್ಷೆ ಮಾಡುವ ಹತಾರಗಳ ಪೆಟ್ಟಿಗೆ ಎನ್ನಬಹುದು. ಬ್ಯಾಂಕು, ಕಚೇರಿಗಳ ಕಂಪ್ಯೂಟರುಗಳಲ್ಲಿ ಎಲ್ಲಿ ಬಿರುಕಿದೆ ಎಂದು ಅವರ ಒಪ್ಪಿಗೆ ಪಡೆದೇ ಹುಡುಕುವವರ ಸಾಧನ. ನಮ್ಮ ಕಾಲೇಜು ಹುಡುಗರು ಇದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಓಡಿಸಿ ಶೂರರಂತೆ ಮೆರೆಯುತ್ತಾರೆ. ಒಪ್ಪಿಗೆಯಿಲ್ಲದೆ ಪಕ್ಕದ ಮನೆಯ ವೈಫೈಗೆ ಕೈ ಹಾಕಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ ಎಂಬುದನ್ನು ಅವರ ತಾಯಂದಿರು ತಿಳಿದಿರುವುದು ಒಳ್ಳೆಯದು. ನನ್ನ ತಕರಾರು ಬೇರೆ. ಮಗ ಕಾಲಿ ಹಾಕಿಕೊಂಡರೆ "ನಮ್ಮವ್ನು ಭಾರಿ ಬುದ್ಧಿವಂತ" ಎನ್ನುವ ತಂದೆ, ಅದನ್ನೇ ಮಗಳು ಕಲಿಯುತ್ತೇನೆಂದರೆ "ನಿಂಗ್ಯಾಕೆ ಬೇಕೇ ಅದೆಲ್ಲ" ಎನ್ನುತ್ತಾನೆ. ಬೀಗ ಪರೀಕ್ಷಿಸುವುದು ಸಂಬಳ ಬರುವ ಉದ್ಯೋಗ ಕಣ್ರೀ. ರಾತ್ರಿ ಮಲಗುವ ಮುಂಚೆ ಗ್ಯಾಸು ಆಫಾಗಿದೆಯೇ, ಹಿತ್ತಿಲ ಚಿಲಕ ಬಿದ್ದಿದೆಯೇ ಎಂದು ಎರಡು ಸಲ ನೋಡುವವರು ಯಾರು? ಆ ಬುದ್ಧಿಗೆ ಈ ಕೆಲಸ ಹೇಳಿ ಮಾಡಿಸಿದಂತಿದೆ.

ವೈಫೈ ಪೆಟ್ಟಿಗೆಯೂ ಒಂದು ಪುಟ್ಟ ಕಂಪ್ಯೂಟರೇ. ಅದಕ್ಕೂ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಇದೆ, 2004ರಿಂದ. ಎಲ್ಲ ಪೆಟ್ಟಿಗೆಗೂ ಕೂರುವುದಿಲ್ಲ, ಅದನ್ನು ಹಾಕಿಕೊಳ್ಳಿ ಎಂದು ಎಲ್ಲರಿಗೂ ಹೇಳಲಾರೆ. ಕೊನೆಯ ಪಕ್ಷ ಪೆಟ್ಟಿಗೆಯ ಗುಪ್ತಪದ ಕೇಬಲ್ ಹುಡುಗ ಇಟ್ಟುಹೋದದ್ದೇ ಇದೆಯೇ ಎಂದು ಇವತ್ತೇ ನೋಡಿ, ಬದಲಾಯಿಸಿ.

ಉಗ್ರಾಣದ ವಿಚಾರ ಮಾತ್ರ ಸಾವಧಾನವಾಗಿ ಹೇಳಬೇಕು. ನಾವು ಫೋಟೊಗಳನ್ನು "ಮೇಲೆ ಇದೆ, ಕ್ಲೌಡಿನಲ್ಲಿದೆ" ಎನ್ನುತ್ತೇವೆ. ಮೇಲೆ ಏನೂ ಇಲ್ಲ. ಇನ್ನೊಬ್ಬರ ಕಂಪ್ಯೂಟರಿನಲ್ಲಿದೆ, ಅಷ್ಟೇ. ಮೊದಮೊದಲು ಪುಕ್ಕಟೆ, ತುಂಬಿದ ಮೇಲೆ ತಿಂಗಳ ಬಾಡಿಗೆ. ಮೂಲೆಯಲ್ಲಿ ಧೂಳು ತಿನ್ನುವ ಹಳೆಯ ಕಂಪ್ಯೂಟರನ್ನೇ ಮನೆಯ ಉಗ್ರಾಣ ಮಾಡಿಕೊಳ್ಳಬಹುದೆಂದು ಫ್ರೀಡಂಬಾಕ್ಸ್, ಯುನೊಹೋಸ್ಟ್ ಎಂಬ ಲಿನಕ್ಸುಗಳು ತೋರಿಸಿವೆ. ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಎಬೆನ್ ಮೊಗ್ಲೆನ್ 2010ರಲ್ಲಿ ಮೊದಲನೆಯದರ ಕಲ್ಪನೆ ಕೊಟ್ಟದ್ದು. ಎರಡಕ್ಕೂ ಅಡಿಗೆ ಅದೇ ಡೆಬಿಯನ್. ಫೋಟೊ, ಕಡತ, ಮನೆಮಂದಿಯ ಮಾತುಕತೆ ಎಲ್ಲ ಮನೆಯೊಳಗೇ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವ ಚಂದ ನಿಮಗೆ ಗೊತ್ತಲ್ಲ, ಅದಕ್ಕೊಂದು ಯುಪಿಎಸ್ ಬೇಕು. ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದು ತಂಗಿಯ ಮನೆಯಲ್ಲಿ ಇಡಬೇಕು. ಉಪ್ಪಿನಕಾಯಿಯನ್ನು ಒಂದೇ ಭರಣಿಯಲ್ಲಿ ಹಾಕುವ ಹೆಂಗಸಿಲ್ಲ, ಹಾಗಾಗಿ ಇದು ನಮಗೆ ಹೊಸ ಪಾಠವಲ್ಲ.

ಇದೆಲ್ಲ ಅಮೆರಿಕದವರಿಗೆ ಎನ್ನುವವರು ತುಮಕೂರಿನ ಹತ್ತಿರದ ದೇವರಾಯನದುರ್ಗಕ್ಕೆ ಹೋಗಿ ನೋಡಬೇಕು. ಬೆಂಗಳೂರಿನ ಜನಸ್ತು ಎಂಬ ಸಂಸ್ಥೆ ಅಲ್ಲಿ ಊರವರ ಜೊತೆ ಸೇರಿ ಸಮುದಾಯದ್ದೇ ಆದ ವೈಫೈ ಜಾಲ ಕಟ್ಟಿದೆ, ನಮ್ಮ ಹಳ್ಳಿ ರೇಡಿಯೊ ಎಂದು ನಡೆಸಿದೆ. ಹಳ್ಳಿಯವರ ಮಾತು, ಹಾಡು, ಕತೆ ಹಳ್ಳಿಯ ಪುಟ್ಟ ಯಂತ್ರದಲ್ಲೇ ಇರಬಹುದು, ಹೊರಗಿನ ಇಂಟರ್ನೆಟ್ ಕೈಕೊಟ್ಟರೂ ಊರೊಳಗೆ ಹರಿದಾಡಬಹುದು. ಗುಡ್ಡದ ಮೇಲಿನ ಹಳ್ಳಿಗೆ ಸಾಧ್ಯವಾದದ್ದು ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕೆ ಆಗದೇ?

ದೂರದವರ ಕೈಯಲ್ಲಿ ಬೀಗದ ಕೈ ಇದ್ದರೆ ಏನಾಗುತ್ತದೆ ಎಂಬುದನ್ನು ಭದ್ರಾವತಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನಾನು ಹಲವು ವರ್ಷ ಆ ಊರಿಗೆ ಬಸ್ಸಿನಲ್ಲಿ ಹೋಗಿ ಪಾಠ ಹೇಳಿದವಳು. ಪೇಪರ್‌ಟೌನಿನ, ನ್ಯೂಟೌನಿನ ಮಕ್ಕಳು ನನ್ನ ಕ್ಲಾಸಿನಲ್ಲಿ ಕೂತವರು. ಮೈಸೂರು ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ವಿಶ್ವೇಶ್ವರಯ್ಯನವರು ಕಟ್ಟಿ ಬೆಳೆಸಿದ ಕಬ್ಬಿಣದ ಕಾರ್ಖಾನೆ 1989ರಲ್ಲಿ ಸೇಲ್ ಕಂಪನಿಯ ಕೈಗೆ ಹೋಗಿತ್ತು. ಅದನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಕಾರ್ಮಿಕರು, ಅವರ ಹೆಂಡಿರು ಮಕ್ಕಳು ಬೀದಿಗಿಳಿದ ಮೇಲೆ ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ತೀರ್ಮಾನ ಮಾಡಿದವರು ಯಾರೂ ಭದ್ರಾವತಿಯ ನೀರು ಕುಡಿದವರಲ್ಲ. ಕಂಪ್ಯೂಟರಿನಲ್ಲೂ ಅದೇ ನಡೆದಿದೆ, ಸದ್ದಿಲ್ಲದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ಮುಗಿಯಿತೆಂದು ಅದರ ಕಂಪನಿ ಘೋಷಿಸಿತು. ಮುಂದಿನದಾದ ವಿಂಡೋಸ್ 11, ಹೊಸ ಬಗೆಯ ಚಿಪ್ಪು ಇಲ್ಲದ ಹಳೆಯ ಯಂತ್ರಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಗಡಿಗೆ ಹೋದರೆ "ಇದು ಸ್ಕ್ರಾಪು ಮೇಡಂ, ಹೊಸದು ತಗೊಳ್ಳಿ" ಎನ್ನುತ್ತಾರೆ. ಕೀಲಿಮಣೆ ಸರಿಯಿದೆ, ಪರದೆ ಸರಿಯಿದೆ, ಡಿಸ್ಕು ಸರಿಯಿದೆ. ಸ್ಕ್ರಾಪು ಆದದ್ದು ಏನು? ಅದೇ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದರೆ ಇನ್ನೂ ಐದಾರು ವರ್ಷ ಬಾಳುತ್ತದೆ. ಅದನ್ನು ಅಂಗಡಿಯವರು ಏಕೆ ಹೇಳುವುದಿಲ್ಲ ಎಂದರೆ, ಹೇಳಿದರೆ ಹೊಸದು ಮಾರಾಟವಾಗುವುದಿಲ್ಲ.

ನನಗೆ ಲಿನಕ್ಸ್ ಪರಿಚಯವಾದದ್ದೇ ಸರ್ಕಾರಿ ತರಬೇತಿಯಲ್ಲಿ ಎಂದರೆ ನಂಬುತ್ತೀರಾ? 2011ರಲ್ಲಿ ನಮ್ಮ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಐಟಿ ಫಾರ್ ಚೇಂಜ್ ಎಂಬ ಸಂಸ್ಥೆಯ ಜೊತೆ ಪ್ರೌಢಶಾಲಾ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಶುರು ಮಾಡಿತು. ಕಲಿಸಿದ್ದು ಉಬುಂಟು ಮೇಲೆ. ನಾವು ಸಮಾಜ ವಿಜ್ಞಾನದವರು ನಕ್ಷೆ ತಿರುಗಿಸಿ, ಟಿಪ್ಪಣಿ ಬರೆದು, ಮಕ್ಕಳಂತೆ ಸಂಭ್ರಮಿಸಿ ಬಂದೆವು. ಬಂದು ನೋಡಿದರೆ ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೇ ಬೀಗ. ತೆರೆದರೆ ಏನಾದರೂ ಕೆಟ್ಟೀತು, ಆಡಿಟ್ಟಿನವರು ಕೇಳಿಯಾರು! ಮಕ್ಕಳು ಕಂಪ್ಯೂಟರನ್ನು ಪುಸ್ತಕದ ಚಿತ್ರದಲ್ಲಿ ನೋಡಿ ಅದರ ಭಾಗಗಳನ್ನು ಹೆಸರಿಸಿ ಎರಡು ಅಂಕ ಪಡೆದರು.

ಇದೇ ಕನ್ನಡ ಮಾಧ್ಯಮದ ಮಕ್ಕಳು, ಗಡಿ ದಾಟಿದರೆ ಕಾಸರಗೋಡಿನಲ್ಲಿ, ಹತ್ತನೇ ತರಗತಿ ಮುಗಿಸುವುದರೊಳಗೆ ಲಿನಕ್ಸ್ ಮೇಲೆ ಕೆಲಸ ಮಾಡಿರುತ್ತಾರೆ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಆರಂಭಿಸಿತು, ಮುಂದೆ ಶಾಲೆಗಳಿಂದ ವಿಂಡೋಸನ್ನು ಬಿಟ್ಟೇಬಿಟ್ಟಿತು. ಶಾಲೆಗಾಗಿಯೇ ಹೊಂದಿಸಿದ ತನ್ನದೇ ಲಿನಕ್ಸನ್ನು 2019ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆಂದು ಹೊರತಂದಿತು. ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಕನ್ನಡದ ಮಗುವಿಗೆ ಕನ್ನಡದಲ್ಲಿ ಕಂಪ್ಯೂಟರ್ ಕಲಿಸುವ ಕೆಲಸವನ್ನು ಮಲಯಾಳದ ಸರ್ಕಾರ ಮಾಡುತ್ತಿದೆ. ನವೆಂಬರ್ ತಿಂಗಳಲ್ಲಿ ಬಾವುಟ ಹಿಡಿಯುವ ನಮಗೆ ಇದರಿಂದ ಸ್ವಲ್ಪವಾದರೂ ನಾಚಿಕೆಯಾಗಬೇಡವೇ?

ಕನ್ನಡ ಟೈಪಿಂಗ್ ಬರುವುದಿಲ್ಲ ಎಂಬ ನೆಪ ಬೇಡ. ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇದೆ. ಹಳೆಯ ಅಕ್ಷರವಿನ್ಯಾಸದಲ್ಲಿ ಕಟ್ಟಿಟ್ಟ ಪ್ರಶ್ನೆಪತ್ರಿಕೆಗಳು ಮಾತ್ರ ಗೀಚಿದ ಹಾಗೆ ಕಾಣುತ್ತವೆ, ಅವನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಕೆಲವು ಪ್ರಿಂಟರುಗಳು ಹಟ ಮಾಡುತ್ತವೆ. ಇದಕ್ಕಿಂತ ದೊಡ್ಡ ತೊಡಕು ಲಿನಕ್ಸ್ ಹುಡುಗರೇ. ಅವರ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಸುಲಭವೆಂದು ಹೇಳಬೇಕಾದರೆ "ನಮ್ ಅಜ್ಜಿಗೂ ಬರುತ್ತೆ" ಎನ್ನುತ್ತಾರೆ, ಅಜ್ಜಿ ಎಂದರೆ ದಡ್ಡತನದ ಅಳತೆಗೋಲು ಎಂಬಂತೆ. ಅಜ್ಜಿಗೆ ಬರುತ್ತದಪ್ಪ. ಒಲೆಯಿಂದ ಗ್ಯಾಸಿಗೆ, ಒರಳಿನಿಂದ ಮಿಕ್ಸಿಗೆ, ಪಾಸ್‌ಬುಕ್ಕಿನಿಂದ ಫೋನಿನ ಪಾವತಿಗೆ ಒಂದೇ ಜನ್ಮದಲ್ಲಿ ದಾಟಿ ಬಂದವಳು ಅವಳು. ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ನಾಲ್ಕು ಪುಟ ಬರೆದುಕೊಡಲು ನಿಮಗೆ ಬರುತ್ತದೆಯೇ?

ಈಗ ನಾನಿರುವ ಶಾಲೆಯಲ್ಲಿ ಹನ್ನೆರಡು ಕಂಪ್ಯೂಟರುಗಳನ್ನು ನಿರುಪಯುಕ್ತ ಎಂದು ಪಟ್ಟಿ ಮಾಡಿ ಹರಾಜಿಗೆ ಇಟ್ಟಿದ್ದರು. ಒಂದು ಭಾನುವಾರ ಬೀಗ ತೆಗೆಸಿ, ಇಬ್ಬರು ಹುಡುಗಿಯರನ್ನು ಕೂರಿಸಿಕೊಂಡು ಪೆನ್‌ಡ್ರೈವಿನಿಂದ ಒಂದೊಂದನ್ನೇ ಓಡಿಸಿ ನೋಡಿದೆ. ಹತ್ತು ಓಡಿದವು. ಯಾವ ಯಂತ್ರ, ಎಷ್ಟು ಜ್ಞಾಪಕಶಕ್ತಿ, ಏನು ಹಾಕಬಹುದು ಎಂದು ಹುಡುಗಿಯರೇ ಕನ್ನಡದಲ್ಲಿ ಪಟ್ಟಿ ಬರೆದರು. ಅದನ್ನು ಲಗತ್ತಿಸಿ ಹರಾಜು ನಿಲ್ಲಿಸಿ ಎಂದು ಮುಖ್ಯೋಪಾಧ್ಯಾಯರ ಮೂಲಕ ಮೇಲಿನವರಿಗೆ ಬರೆದುಕೊಂಡಿದ್ದೇನೆ. ಸ್ವೀಕೃತಿಯ ಮೊಹರು ಹಾಕಿಸಿದ ಪ್ರತಿ ನನ್ನ ಕಪಾಟಿನಲ್ಲಿದೆ. ಉತ್ತರ ಬರುವವರೆಗೆ ಕಂಪ್ಯೂಟರ್ ಕೋಣೆಯ ಬೀಗದ ಕೈಯನ್ನು ನಾನು ಯಾರಿಗೂ ಕೊಡುವುದಿಲ್ಲ ಎಂದು ಜವಾನನಿಗೆ ಹೇಳಿಟ್ಟಿದ್ದೇನೆ.